ಇನ್ನೂರ ಐವತ್ತಾರು ಎಲೆಗಳ ಪಂಕ್ತಿ

ಭಾನುವಾರ ಬೆಳಗಿನ ನಾಲ್ಕೂಮುಕ್ಕಾಲು. ಮದರಾಸಿನ ಅಣ್ಣಾ ನಗರದ ನಾಲ್ಕು ಮಹಡಿಯ ಆಸ್ಪತ್ರೆಯೊಂದರಲ್ಲಿ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲನ್ನು ಭುಜದಿಂದ ನೂಕಿ ಸರಸ ಐತಾಳರು ಒಳಗೆ ಹೋಗುತ್ತಾರೆ. ಮೊದಲು ಇಲ್ಲಿ ಮಂಚದ ಹಾಸು, ಹೊದಿಕೆಗಳನ್ನು ಇಡುತ್ತಿದ್ದರಂತೆ. ಈಗ ಆಳೆತ್ತರದ ಎರಡು ಕಬ್ಬಿಣದ ಚೌಕಟ್ಟುಗಳಲ್ಲಿ ಹಸಿರು ದೀಪಗಳು ಮಿಣುಕುತ್ತವೆ. ನೀಲಿ ತಂತಿಗಳು ಜಡೆ ಹಾಕಿದಂತೆ ಇಳಿಬಿದ್ದಿವೆ. ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಬಕೆಟ್. ಸರಸ ಮೊದಲು ಬಕೆಟಿನ ನೀರು ಚೆಲ್ಲಿ ಬರುತ್ತಾರೆ. ಆಮೇಲೆ ದುಪಟ್ಟಾ ಸೊಂಟಕ್ಕೆ ಬಿಗಿದು, ಮರದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಪಕ್ಕದಲ್ಲಿ ಗೆರೆ ಎಳೆದ ಹಾಳೆಗಳ ಒಂದು ಕಟ್ಟು, ಎಲ್ಲವೂ ಕೈಬರಹ.

ಅವರಿಗೆ ಏಳು ಗಂಟೆಯವರೆಗೆ ಸಮಯವಿದೆ. ಅಷ್ಟರೊಳಗೆ ಆಸ್ಪತ್ರೆಯ ನೂರ ತೊಂಬತ್ತೆಂಟು ಯಂತ್ರಗಳ ಜಾಲವನ್ನು ನಾಲ್ಕು ಭಾಗ ಮಾಡಬೇಕು, ಮಾಡಿದ್ದು ಯಾರಿಗೂ ಗೊತ್ತಾಗಬಾರದು. ಏಳಕ್ಕೆ ಒಂದೇ ಒಂದು ವಿಭಾಗದ ಕೆಲಸ ನಿಂತಿದ್ದರೂ ಎಲ್ಲವನ್ನೂ ಮೊದಲಿನಂತೆ ಮಾಡಿ ಕೈತೊಳೆದುಕೊಳ್ಳಬೇಕು. ಹಾಗಾದರೆ ಬರುವ ತಿಂಗಳಿಂದ ಈ ಕೆಲಸ ಪೆರುಂಗುಡಿಯ ಒಂದು ಕಂಪನಿಗೆ. ಅವರು ಇಲ್ಲಿಗೆ ಬರುವುದೂ ಇಲ್ಲ, ಅಲ್ಲಿಂದಲೇ ಪರದೆಯ ಮೇಲೆ ನೋಡಿಕೊಳ್ಳುತ್ತಾರೆ. ಆಸ್ಪತ್ರೆಯ ಆಡಳಿತಾಧಿಕಾರಿ ವೃಂದಾ ಶುಕ್ರವಾರ ಇದನ್ನೆಲ್ಲ ಸುತ್ತಿಬಳಸದೆ ಹೇಳಿದ್ದಾರೆ. ಸರಸ ‘ಸರಿ ಮೇಡಂ’ ಎಂದು ಸಹಿ ಹಾಕಿದ್ದಾರೆ.

ಸರಸರಿಗೆ ನಲವತ್ತೊಂಬತ್ತು. ತಂತಿ, ಸ್ವಿಚ್ಚು, ನಂಬರುಗಳ ಈ ಕಸುಬಿಗೆ ಇಳಿದು ಇಪ್ಪತ್ತಮೂರು ವರ್ಷ, ಈ ಆಸ್ಪತ್ರೆಯಲ್ಲಿ ಹನ್ನೊಂದು. ವಾರ್ಡಿನವರಿಗೆ ಅವರು ‘ಕೇಬಲ್ ಅಕ್ಕ’. ಹೊಸದಾಗಿ ಬಂದವರು ಟಿವಿಯಲ್ಲಿ ಸೀರಿಯಲ್ ಬರುತ್ತಿಲ್ಲವೆಂದು ಅವರನ್ನೇ ಕರೆಯುವುದುಂಟು. ‘ಹೋಗಿ ಸರಿ ಮಾಡಿಕೊಟ್ಟು ಬತ್ತೆ, ಎಂತ ಮಾಡೂದು. ಅಲ್ಲ ಅಂತ ವಿವರಿಸೂಕೆ ಹೋದ್ರೆ ಅರ್ಧ ಗಂಟೆ. ಸರಿ ಮಾಡೂಕೆ ಎರಡ್ ನಿಮಿಷ’ ಎನ್ನುತ್ತಾರೆ.

ಅವರ ಮಾತಿನಲ್ಲಿ ಕುಂದಾಪುರ ಇನ್ನೂ ಇದೆ, ನಡುನಡುವೆ ತಮಿಳು. ಹುಟ್ಟಿದ್ದು ತ್ರಿಪ್ಲಿಕೇನಿನಲ್ಲಿ. ಕುಂದಾಪುರದಿಂದ ಬಂದ ತಂದೆ ಅಲ್ಲೊಂದು ಲಾಡ್ಜಿನ ಕೆಳಗೆ ಮೆಸ್ ನಡೆಸುತ್ತಿದ್ದರು. ನೆಲದ ಮೇಲೆ ಚಾಪೆ, ಚಾಪೆಯ ಮುಂದೆ ಎಲೆ. ಹತ್ತಿರದ ಮೈದಾನದಲ್ಲಿ ಕ್ರಿಕೆಟ್ ಮ್ಯಾಚ್ ಇದ್ದ ದಿನ ಕೂರಲು ಜಾಗವಿರುತ್ತಿರಲಿಲ್ಲ. ಎಲ್ಲರನ್ನೂ ಒಂದೇ ಉದ್ದ ಸಾಲಿನಲ್ಲಿ ಕೂರಿಸಿದರೆ ಗದ್ದಲ. ಈ ತುದಿಯಲ್ಲಿ ‘ಸಾರು’ ಎಂದು ಕೂಗಿದರೆ ಆ ತುದಿಯ ಮಜ್ಜಿಗೆಯವನೂ ತಲೆಯೆತ್ತುತ್ತಿದ್ದ. ಅದಕ್ಕೆ ತಂದೆ ಸಾಲನ್ನು ತುಂಡು ಮಾಡಿದರು. ಪ್ರತಿ ಪಂಕ್ತಿಯ ಮೊದಲ ಜಾಗದಲ್ಲಿ ಯಾರನ್ನೂ ಕೂರಿಸದೆ ಪಂಕ್ತಿಯ ನಂಬರ್ ಬರೆದ ಹಲಗೆ ಇಟ್ಟರು. ಕೊನೆಯ ಜಾಗವೂ ಖಾಲಿ, ಅಲ್ಲಿ ನಿಂತು ಬಡಿಸುವವನು ಆ ಪಂಕ್ತಿಗೆ ಮಾತ್ರ ಕೇಳುವಂತೆ ಕೂಗಬೇಕು.

‘ಡಿಪ್ಲೊಮಾದಲ್ಲಿ ಮೇಷ್ಟ್ರು ಸಬ್‌ನೆಟ್ ಅಂತ ಬೋರ್ಡಲ್ಲಿ ಬರೆದ್ರು. ಮೊದಲ ನಂಬರ್ ಯಾರಿಗೂ ಕೊಡೂಕಿಲ್ಲೆ, ಅದ್ ಆ ಗುಂಪಿನ ಹೆಸ್ರು. ಕೊನೆಯದೂ ಕೊಡೂಕಿಲ್ಲೆ, ಅದ್ ಗುಂಪಿಗೆಲ್ಲ ಒಟ್ಟಿಗೆ ಕೂಗೂದಕ್ಕೆ ಅಂದ್ರು. ಕ್ಲಾಸಲ್ಲಿ ಎಲ್ರೂ ಯಾಕೆ ಯಾಕೆ ಅಂತ ಕೇಳಿದ್ರು. ನಾನ್ ಸುಮ್ನೆ ಕೂತಿದ್ದೆ. ನಮ್ಮ ಅಪ್ಪಯ್ಯ ಮಾಡಿದ್ದೇ ಅಲ್ದಾ ಇದು?’

ಆ ಲೆಕ್ಕ ಅವರು ಇವತ್ತಿಗೂ ಮೆಸ್ಸಿನ ಲೆಕ್ಕದಲ್ಲೇ ಮಾಡುತ್ತಾರೆ. ಆಸ್ಪತ್ರೆಯ ಪ್ರತಿ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ, ರಕ್ತ ಪರೀಕ್ಷೆಯ ಯಂತ್ರಕ್ಕೆ ಒಂದೊಂದು ವಿಳಾಸವಿದೆ. ವಿಳಾಸದ ಮೊದಲ ಮೂರು ಭಾಗ ಎಲ್ಲಕ್ಕೂ ಒಂದೇ. ಕೊನೆಯ ಭಾಗ ಮಾತ್ರ ಬೇರೆ, ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ. ಅಂದರೆ ಒಟ್ಟು ಇನ್ನೂರ ಐವತ್ತಾರು ಎಲೆ. ಇಷ್ಟು ವರ್ಷ ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದವು. ರೋಗಿಗಳನ್ನು ನೋಡಲು ಬಂದವರ ಫೋನುಗಳೂ ಅದೇ ಸಾಲಿನಲ್ಲಿ.

ಕಳೆದ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಸ್ಕ್ಯಾನಿಂಗ್ ಕೋಣೆಯ ಕಂಪ್ಯೂಟರನ್ನು ರಿಪೇರಿಗೆಂದು ಆರಿಸಿ ಮತ್ತೆ ಹಚ್ಚಿದರು. ಅಷ್ಟರಲ್ಲಿ ಅದರ ಜಾಗಕ್ಕೆ ಯಾರದೋ ಫೋನ್ ಬಂದು ಕೂತಿತ್ತು. ಬೇರೆ ನಂಬರೂ ಉಳಿದಿರಲಿಲ್ಲ. ಪರೀಕ್ಷೆಗೆ ಬಂದ ಏಳು ಜನ ಎರಡು ಗಂಟೆ ಬೆಂಚಿನ ಮೇಲೆ ಕಾದರು. ‘ಒಂದ್ ಹೆಣ್ಮಗಳು ಬೆಳಗಿಂದ ಉಪವಾಸ ಇದ್ದಳು, ಪಾಪ. ಒಳಗೆ ಮೆಷಿನ್ ಸರಿ ಇತ್ತ್, ಡಾಕ್ಟ್ರು ಇದ್ರು. ಕೂರೂಕೆ ಎಲೆ ಇಲ್ದೆ ಕೆಲಸ ನಿಂತಿತ್ತ್’ ಎಂದು ಸರಸ ನೆನಪಿಸಿಕೊಳ್ಳುತ್ತಾರೆ. ಪಂಕ್ತಿ ಬೇರೆ ಮಾಡಬೇಕು ಎಂದು ಅವತ್ತಿನಿಂದಲೇ ಆಡಳಿತದ ಬೆನ್ನುಬಿದ್ದರು. ‘ಊಟದಲ್ಲಿ ಪಂಕ್ತಿಭೇದ ಮಾಡ್ರೆ ಪಾಪ. ಇಲ್ಲಿ ಮಾಡದಿದ್ರೆ ಪಾಪ’ ಎಂದು ನಗುತ್ತಾರೆ.

ಅವರ ಹಾಳೆಯಲ್ಲಿ ನಾಲ್ಕು ಪಂಕ್ತಿಗಳಿವೆ. ವಾರ್ಡುಗಳಿಗೆ ನೂರ ಇಪ್ಪತ್ತೆಂಟರದು, ಅಲ್ಲಿ ತೊಂಬತ್ತಾರು ಯಂತ್ರ. ಲ್ಯಾಬ್ ಮತ್ತು ಸ್ಕ್ಯಾನಿಂಗಿಗೆ ಅರವತ್ತನಾಲ್ಕರದು, ಅಲ್ಲಿ ಐವತ್ತನಾಲ್ಕು. ಆಫೀಸು ಮತ್ತು ವರದಿ ಇಡುವ ಕಂಪ್ಯೂಟರಿಗೆ ಮೂವತ್ತೆರಡರದು, ಅಲ್ಲಿ ಇಪ್ಪತ್ತೆರಡು. ಕ್ಯಾಮೆರಾಗಳಿಗೆ ಇನ್ನೊಂದು ಮೂವತ್ತೆರಡರದು, ಅಲ್ಲಿ ಇಪ್ಪತ್ತಾರು. ಭೇಟಿಗೆ ಬರುವವರ ಫೋನುಗಳಿಗೆ ಬೇರೆಯೇ ಊಟದ ಮನೆ, ಈ ಇನ್ನೂರ ಐವತ್ತಾರರ ಹೊರಗೆ. ‘ದೊಡ್ಡ ಪಂಕ್ತಿ ಮೊದಲು ಕೂರ್ಸ್ಕ್. ಚಿಕ್ಕದನ್ನ ಮೊದಲು ಕೂರ್ಸಿರೆ ದೊಡ್ಡದಕ್ಕೆ ಜಾಗ ಹೊಂದೂದಿಲ್ಲೆ. ಅರವತ್ನಾಲ್ಕರ ಪಂಕ್ತಿ ಎಲ್ಲಂದ್ರಲ್ಲಿ ಸುರು ಮಾಡೂಕಾತಿಲ್ಲ. ಸೊನ್ನೆ, ಅರವತ್ನಾಲ್ಕ್, ನೂರಿಪ್ಪತ್ತೆಂಟ್, ನೂರತೊಂಬತ್ತೆರಡ್, ಇಷ್ಟೇ ಜಾಗ.’

ಪ್ರತಿ ಯಂತ್ರಕ್ಕೂ ತನ್ನ ಪಂಕ್ತಿ ಎಷ್ಟು ಉದ್ದವೆಂದು ತಿಳಿದಿರಬೇಕು. ಅದನ್ನು ತಿಳಿಸುವ ಸಂಖ್ಯೆಗೆ ಮಾಸ್ಕ್ ಎಂದು ಹೆಸರು. ಪಂಕ್ತಿಯೊಳಗಿನವರನ್ನು ಯಂತ್ರ ನೇರವಾಗಿ ಕೂಗಿ ಮಾತಾಡಿಸುತ್ತದೆ. ಹೊರಗಿನವರಿಗೆ ಹೇಳಬೇಕಾದ್ದನ್ನು ಬಾಗಿಲಲ್ಲಿ ನಿಂತ ಯಂತ್ರಕ್ಕೆ ಕೊಟ್ಟು ಕಳಿಸುತ್ತದೆ. ಮಾಸ್ಕಿನ ಲೆಕ್ಕಕ್ಕೆ ಪುಸ್ತಕದಲ್ಲಿ ಸೊನ್ನೆ-ಒಂದರ ಉದ್ದುದ್ದ ಸಾಲುಗಳಿವೆ. ಸರಸ ಒಂದು ಕಳೆಯುವ ಲೆಕ್ಕ ಮಾಡುತ್ತಾರೆ: ಇನ್ನೂರ ಐವತ್ತಾರರಲ್ಲಿ ಅರವತ್ತನಾಲ್ಕು ಕಳೆದರೆ ನೂರ ತೊಂಬತ್ತೆರಡು. ಹಾಗಾಗಿ ಲ್ಯಾಬಿನ ಮಾಸ್ಕ್ 255.255.255.192. ಮೂವತ್ತೆರಡು ಕಳೆದರೆ ಇನ್ನೂರ ಇಪ್ಪತ್ತನಾಲ್ಕು, ಅದು ಆಫೀಸಿನದು. ಹನ್ನೊಂದನೇ ತರಗತಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಮಗಳು ಹರ್ಷಿಣಿ ಅಮ್ಮನ ಹಾಳೆ ನೋಡಿ ‘ಇದು ನೆಟ್‌ವರ್ಕಾ, ಮೆಸ್ಸಾಮ್ಮಾ?’ ಎಂದು ತಮಿಳಿನಲ್ಲಿ ಛೇಡಿಸುತ್ತಾಳೆ. ಪರೀಕ್ಷೆಯ ಹಿಂದಿನ ದಿನ ಅದೇ ಹಾಳೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಾಳೆ.

ಇಪ್ಪತ್ತಮೂರು ವರ್ಷ ಎಂದರೆ ಏಣಿ, ಫಾಲ್ಸ್ ಸೀಲಿಂಗಿನ ಧೂಳು, ಇಲಿ ಕಡಿದ ತಂತಿ. ಮೊದಮೊದಲು ಬಾಗಿಲು ತೆರೆದವರು ಸರಸರ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ, ‘ಇಂಜಿನಿಯರ್ ಎಲ್ಲಿ?’ ಎಂದು ಕೇಳುತ್ತಿದ್ದರು. ಈಗ ಒಂದು ಶಾಲೆ, ತ್ರಿಪ್ಲಿಕೇನಿನ ಎರಡು ಲಾಡ್ಜು, ಮೂರು ಮಳಿಗೆಗಳ ಒಂದು ಸ್ವೀಟ್ ಸ್ಟಾಲ್, ಇವುಗಳ ಜಾಲವೂ ಅವರ ಕೈಯಲ್ಲಿದೆ. ಆದರೆ ವರ್ಷಪೂರ್ತಿ ಇರುವ ಕೆಲಸ ಆಸ್ಪತ್ರೆಯೊಂದೇ. ಅದು ಹೋದರೆ ಪೆರುಂಗುಡಿಯಲ್ಲಿ ಪಾಳಿಯ ಮೇಲೆ ಪರದೆ ನೋಡುವ ಕೆಲಸಕ್ಕೆ ಸೇರಬೇಕಾಗುತ್ತದೆ. ಗಂಡ ಚಂದು ಅವರು ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾರೆ, ಬೆಳಗಿನ ನಾಲ್ಕಕ್ಕೇ ಹೊರಡುತ್ತಾರೆ. ಇಬ್ಬರಿಗೂ ಪಾಳಿಯಾದರೆ ಮಗಳು ಮನೆಯಲ್ಲಿ ಒಬ್ಬಳೇ. ‘ಅದೊಂದ್ ಆಗೂಕಾಗ ಅಂತ’ ಎಂದಷ್ಟೇ ಹೇಳಿ ಆ ಮಾತು ಮುಗಿಸುತ್ತಾರೆ.

ಭಾನುವಾರಕ್ಕೆ ಬರೋಣ. ಆರು ಗಂಟೆಯ ಹೊತ್ತಿಗೆ ಹೆಚ್ಚಿನ ಯಂತ್ರಗಳು ತಾವಾಗಿಯೇ ಹೊಸ ನಂಬರ್ ತೆಗೆದುಕೊಂಡಿವೆ. ಉಳಿದ ನಲವತ್ತಕ್ಕೆ ಒಂದೊಂದಾಗಿ ಕೈಯಿಂದಲೇ ಬರೆಯಬೇಕು. ನಾಲ್ಕು ಮಹಡಿ ಹತ್ತಿ ಇಳಿದು ಸರಸ ಮೂವತ್ತೊಂಬತ್ತು ಮುಗಿಸಿದ್ದಾರೆ. ಉಳಿದಿರುವುದು ಎರಡನೇ ಮಹಡಿಯ ಲ್ಯಾಬಿನ ದೊಡ್ಡ ಯಂತ್ರ. ಸಕ್ಕರೆ, ಉಪ್ಪು, ಕಿಡ್ನಿ, ಲಿವರ್, ಎಲ್ಲ ಪರೀಕ್ಷೆಯೂ ಅದರಲ್ಲೇ. ಅದರ ಪಾಸ್‌ವರ್ಡ್ ಲ್ಯಾಬಿನ ಮೇಲ್ವಿಚಾರಕ ಹರಿದಾಸರ ಬಳಿ ಮಾತ್ರ ಇರುತ್ತದೆ. ಹರಿದಾಸರಿಗೆ ಐವತ್ತೆಂಟು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆತನ. ಮನೆಯಲ್ಲಿ ಕನ್ನಡ, ಆದರೆ ಅರ್ಧ ತಮಿಳು ಸೇರದೆ ಒಂದು ವಾಕ್ಯವೂ ಮುಗಿಯುವುದಿಲ್ಲ. ಸರಸ ಅವರಿಗೆ ಲ್ಯಾಬಿನ ಪಟ್ಟಿಯ ಎರಡನೇ ಹಾಳೆ ಕೊಟ್ಟಿದ್ದಾರೆ, ಆ ಯಂತ್ರದ ಸಾಲು ಅದರಲ್ಲೇ ಮೊದಲನೆಯದು. ಆರೂ ಐದಕ್ಕೆ ಹರಿದಾಸರ ಫೋನು.

‘ಸರಸಮ್ಮಾ, ನಂಬರ್ ಪೋಟ್ಟಾಯ್ತು. ಬಾಗಿಲಿನ ನಂಬರೂ ಆಯ್ತು. ಮಾಸ್ಕ್ ಜಾಗದಲ್ಲಿ ನೀನು ಎರಡು ಗೀಟು ಹಾಕಿದ್ದೀಯಲ್ಲಾ, ಅದು ಏನು?’

‘ಅದೇ ಸಾರ್. ಅದೇ ಹಾಕಿ.’

‘ಅದೇ ತಾನೆ? ಸರಿಮ್ಮಾ.’

ಆರೂ ಇಪ್ಪತ್ತಕ್ಕೆ ವಾರ್ಡುಗಳಿಂದ ದಿನದ ಮೊದಲ ರಕ್ತದ ಸ್ಯಾಂಪಲ್‌ಗಳು ಬರುತ್ತವೆ. ಯಂತ್ರ ಅವನ್ನು ತಿರುಗಿಸಿ ಉತ್ತರವನ್ನೂ ಕೊಡುತ್ತದೆ. ಉತ್ತರ ಅದರ ಪರದೆಯ ಮೇಲೆಯೇ ನಿಲ್ಲುತ್ತದೆ, ಕೆಳಗೆ ವರದಿಗಳನ್ನು ಇಡುವ ಕಂಪ್ಯೂಟರಿಗೆ ಇಳಿಯುವುದಿಲ್ಲ. ಅಲ್ಲಿಗೆ ಬಾರದಿದ್ದರೆ ಯಾವ ವಾರ್ಡಿನಲ್ಲೂ ಯಾವ ಡಾಕ್ಟರಿಗೂ ಕಾಣುವುದಿಲ್ಲ. ‘ಎನ್ನಾಚ್ಚುಮ್ಮಾ? ಒಂದೂ ಹೋಗಲಿಲ್ಲ. ಸೀಕ್ರಂ ನೋಡು, ಮೂರನೇ ಮಹಡಿಯಲ್ಲಿ ಒಬ್ಬರಿಗೆ ಎಂಟಕ್ಕೆ ಆಪರೇಷನ್, ಅವರದೂ ಇದರಲ್ಲೇ ಇದೆ’ ಎಂದು ಹರಿದಾಸರು ಮತ್ತೆ ಫೋನ್ ಮಾಡುತ್ತಾರೆ.

ಸರಸ ತಂತಿ ನೋಡುತ್ತಾರೆ, ಸರಿ ಇದೆ. ಸ್ವಿಚ್ಚು ಸರಿ ಇದೆ, ಬಾಗಿಲೂ ಸರಿ ಇದೆ. ಹರಿದಾಸರು ಯಂತ್ರದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳುತ್ತಾರೆ. ಬೇರೆ ಊರಲ್ಲಿ ಕೂತ ಅವರು, ನಮಗೆ ನಿಮ್ಮ ಯಂತ್ರ ಚೆನ್ನಾಗಿ ಕಾಣುತ್ತಿದೆ, ಅದರಲ್ಲಿ ದೋಷವಿಲ್ಲ ಎನ್ನುತ್ತಾರೆ. ಆರೂ ನಲವತ್ತಕ್ಕೆ ವೃಂದಾ ಬರುತ್ತಾರೆ. ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಾರೆ.

‘ಸರಸಾ, ಏಳಕ್ಕೆ ಆಗದಿದ್ರೆ ರಿವರ್ಸ್ ಮಾಡ್ಬೇಕು. ನೀವೇ ಸೈನ್ ಮಾಡಿದ್ದೀರಿ.’

‘ಹೌದು ಮೇಡಂ.’

ಸರಸ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚುತ್ತಾರೆ. ಕೈಬೆರಳು ಮಡಚುತ್ತಾರೆ. ಲ್ಯಾಬಿನ ಪಕ್ಕದ ಯಂತ್ರ ಮಾತಾಡಿಸಿದರೆ ಇದು ಉತ್ತರ ಕೊಡುತ್ತದೆ. ದೂರದೂರಿನ ಕಂಪನಿಗೂ ಕೊಡುತ್ತದೆ. ಎರಡು ಮಹಡಿ ಕೆಳಗಿನ ಆಫೀಸಿನ ಪಂಕ್ತಿಗೆ ಮಾತ್ರ ಇಲ್ಲ. ಹತ್ತಿರದವರಿಗೆ ಸರಿ, ಬಲು ದೂರದವರಿಗೂ ಸರಿ, ನಡುವಿನವರಿಗೆ ಮಾತ್ರ ಕಿವುಡು. ‘ಆಗ ಹೊಳೀತ್. ಅದಕ್ಕೆ ಪಂಕ್ತಿ ತುಂಡಾದ್ದೇ ಗೊತ್ತಿಲ್ಲೆ. ಇನ್ನೂ ಒಂದೇ ಉದ್ದ ಸಾಲು ಅಂತ ತಿಳ್ಕಂಡಿತ್ತ್. ಬಾಗಿಲಿಗೆ ಕೊಟ್ಟು ಕಳಿಸೂದ್ ಬಿಟ್ಟು, ಆಫೀಸಿನ ಕಂಪ್ಯೂಟರನ್ನ ಕೂತಲ್ಲಿಂದಲೇ ಕೂಗ್ತಾ ಇತ್ತ್. ನಡುವೆ ಗೋಡೆ, ಯಾರಿಗ್ ಕೇಂತ್?’

ಸರಸ ಎದ್ದು ಓಡುತ್ತಾರೆ. ಲಿಫ್ಟಿಗೆ ಕಾಯುವುದಿಲ್ಲ. ಎರಡನೇ ಮಹಡಿಯಲ್ಲಿ ಹರಿದಾಸರು ಸೆಟ್ಟಿಂಗ್ ಪರದೆ ತೆರೆದು ತೋರಿಸುತ್ತಾರೆ. ಮಾಸ್ಕ್: 255.255.255.0.

‘ಇದೆಂತ ಸಾರ್, ಸೊನ್ನೆ ಇತ್ತಲ್ಲ!’

‘ನೀನೇ ಅದೇ ಅಂದ್ಯಲ್ಲಮ್ಮಾ! ಮೊದಲು ಏನಿತ್ತೋ ಅದೇ ಅಂತ ಹಾಗೇ ಬಿಟ್ಟೆ!’

‘ಅಯ್ಯೋ, ನಾನ್ ಹೇಳಿದ್ದು ಮೇಲಿನ ಸಾಲಿಂದ್ ಅದೇ!’

‘ಮೇಲೆ ಸಾಲು ಎಲ್ಲಿದೆ? ಇದು ತಾನೇ ಮೊದಲನೇ ಸಾಲು?’

ಸರಸ ಹಾಳೆ ಕಿತ್ತುಕೊಂಡು ನೋಡುತ್ತಾರೆ. ಮೆಸ್ಸಿನಲ್ಲಿ ದಿನಸಿಯ ಪಟ್ಟಿ ಬರೆಯುವಾಗ ತಂದೆ ಒಂದೇ ಮಾತನ್ನು ಎರಡು ಸಲ ಬರೆಯುತ್ತಿರಲಿಲ್ಲ. ಮೇಲಿನದೇ ಕೆಳಗೂ ಬಂದರೆ ಎರಡು ಗೀಟು. ಮಗಳಿಗೂ ಅದೇ ರೂಢಿ. ಮೊದಲ ಹಾಳೆಯ ಮೊದಲ ಸಾಲಿನಲ್ಲಿ ಮಾಸ್ಕ್ ಪೂರ್ತಿ ಬರೆದಿದ್ದಾರೆ. ಅದರ ಕೆಳಗೆ ಕೊನೆಯವರೆಗೂ ಗೀಟುಗಳು. ಎರಡನೇ ಹಾಳೆಯೂ ಗೀಟಿನಿಂದಲೇ ಶುರು. ಮೊದಲ ಹಾಳೆ ಅವರ ಲ್ಯಾಪ್‌ಟಾಪಿನ ಕೆಳಗೆ ಉಳಿದಿತ್ತು.

ಹರಿದಾಸರು ಸೊನ್ನೆ ಅಳಿಸಿ ನೂರ ತೊಂಬತ್ತೆರಡು ಬರೆಯುತ್ತಾರೆ. ಯಂತ್ರವನ್ನು ಆರಿಸಿ ಮತ್ತೆ ಹಚ್ಚದೆ ಹೊಸ ಸಂಖ್ಯೆ ಹಿಡಿಯುವುದಿಲ್ಲ. ಹಚ್ಚಿದ ಮೇಲೆ ಬಿಸಿಯಾಗಿ ಸಿದ್ಧವಾಗಲು ಹದಿನಾಲ್ಕು ನಿಮಿಷ ಬೇಕು. ಗಂಟೆ ಆರೂ ಐವತ್ತೆಂಟು. ಹಿಂದೆಯೇ ಮೆಟ್ಟಿಲು ಹತ್ತಿ ಬಂದ ವೃಂದಾ ಬಾಗಿಲಲ್ಲಿದ್ದಾರೆ. ಹರಿದಾಸರು ಏನೋ ಹೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಸರಸ ಹೇಳುತ್ತಾರೆ: ‘ಮೇಡಂ, ತಪ್ಪು ಸಿಕ್ಕಿತು. ನಂದೇ ತಪ್ಪು, ನಾನು ಬರೆದ ಹಾಳೆಯದ್ದು. ಏಳೂ ಹನ್ನೆರಡಕ್ಕೆ ಬರ್ತದೆ.’

‘ಹನ್ನೆರಡು ನಿಮಿಷ ಲೇಟ್.’

‘ಹೌದು. ಲೇಟ್.’

ವೃಂದಾ ಗೋಡೆಗೆ ಒರಗಿ ನಿಲ್ಲುತ್ತಾರೆ. ಏಳು ಹೊಡೆಯುತ್ತದೆ. ಅವರು ಹಿಂದಿನಂತೆ ಮಾಡಿ ಎಂದು ಹೇಳುವುದಿಲ್ಲ, ಮಾಡಬೇಡಿ ಎಂದೂ ಹೇಳುವುದಿಲ್ಲ. ಯಂತ್ರದ ಪರದೆಯ ಮೇಲೆ ಒಂದು ಪಟ್ಟಿ ನಿಧಾನವಾಗಿ ತುಂಬುತ್ತದೆ. ಏಳೂ ಹನ್ನೆರಡಕ್ಕೆ ಕೆಳಗಿನಿಂದ ಫೋನು: ವರದಿ ಬರುತ್ತಿದೆ. ಆಪರೇಷನ್ನಿನ ರೋಗಿಯದು ಮೂರನೆಯದು. ಏಳೂಕಾಲಿನ ಹೊತ್ತಿಗೆ ಅಷ್ಟೂ ಸ್ಯಾಂಪಲ್‌ಗಳ ಉತ್ತರ ಇಳಿದಿದೆ. ಮೂರನೇ ಮಹಡಿಯ ನರ್ಸ್ ಮೆಟ್ಟಿಲಲ್ಲಿ ಸಿಕ್ಕಿದವಳು ‘ಅಕ್ಕಾ, ಸಂಡೇ ಕೂಡ ಲೀವ್ ಇಲ್ಲೈಯಾ?’ ಎಂದು ಕೇಳುತ್ತಾಳೆ. ಅಂದರೆ ವಾರ್ಡಿಗೆ ಏನೂ ಗೊತ್ತಾಗಿಲ್ಲ.

ಆಸ್ಪತ್ರೆಯಲ್ಲಿ ಇಂಥ ಪ್ರತಿ ಕೆಲಸದ ನಂತರ ಒಂದು ಫಾರಂ ತುಂಬಬೇಕು. ವಿಳಂಬಕ್ಕೆ ಕಾರಣ ಎಂಬ ಕಡೆ ‘ಯಂತ್ರದಲ್ಲಿ ಹಳೆಯ ಮಾಸ್ಕ್ ಉಳಿದಿತ್ತು’ ಎಂದು ಬರೆದಿದ್ದರೂ ಸುಳ್ಳಾಗುತ್ತಿರಲಿಲ್ಲ. ಹರಿದಾಸರು ಹಾಗೇ ಬರೆ ಎಂದರು. ‘ನಾನೂ ಒಂದು ಮಾತು ಕೇಳ್ಬೇಕಿತ್ತು, ಕೇಳಲಿಲ್ಲ. ಬಿಡಮ್ಮಾ’ ಎಂದರು. ಸರಸ ಬರೆದದ್ದು: ‘ನನ್ನ ಹಾಳೆಯಲ್ಲಿ ಮಾಸ್ಕ್ ಬರೆಯುವ ಕಡೆ ಗೀಟು ಹಾಕಿದ್ದೆ. ಓದುವವರಿಗೆ ತಪ್ಪು ಅರ್ಥವಾಯಿತು.’ ಕೆಳಗೆ ಸಹಿ.

ಯಾಕೆ ಹಾಗೆ ಎಂದು ಕೇಳಿದರೆ ಅವರಿಗೆ ಅದು ದೊಡ್ಡ ವಿಷಯವೆನಿಸುವುದಿಲ್ಲ. ‘ಯಂತ್ರದ ತಪ್ಪು ಅಂತ ಬರೆದ್ರೆ ಮುಂದೆ ಬಂದವ್ರು ಯಂತ್ರವನ್ನೇ ಬಿಚ್ಚಿ ಕೂತ್ಕಂತ್ರು. ಯಂತ್ರದಲ್ಲಿ ಎಂತ ಇಲ್ಲೆ. ಎಲ್ಲಿ ತಪ್ಪಾಯ್ತೋ ಅಲ್ಲೇ ಬರೀಕಲ್ದಾ?’

ಬುಧವಾರ ಆಡಳಿತದ ಪತ್ರ ಬಂತು. ಕೇಳಿದ್ದು ಮೂರು ವರ್ಷದ ಒಪ್ಪಂದ, ಸಿಕ್ಕಿದ್ದು ಒಂದು ವರ್ಷ. ಪೆರುಂಗುಡಿಯ ಕಂಪನಿಯ ಮಾತನ್ನು ಸದ್ಯಕ್ಕೆ ಕೈಬಿಡಲಾಗಿದೆ. ಬರುವ ವರ್ಷ ಮತ್ತೆ ಯೋಚಿಸುತ್ತಾರಂತೆ. ಒಂದು ಷರತ್ತೂ ಇದೆ: ಜಾಲದ ಪೂರ್ತಿ ಪಟ್ಟಿಯನ್ನು ಬೇರೆ ಯಾರು ಓದಿದರೂ ಅರ್ಥವಾಗುವಂತೆ ಬರೆದು ಕೊಡಬೇಕು, ಯಾವ ಸಾಲನ್ನೂ ಬಿಡಬಾರದು, ಗೀಟು ಹಾಕಬಾರದು. ವೃಂದಾ ಪತ್ರದ ಅಂಚಿನಲ್ಲಿ ಪೆನ್ನಿನಿಂದ ‘ಟೈಪ್ ಮಾಡಿಸಿದರೂ ಆದೀತು’ ಎಂದು ಸೇರಿಸಿದ್ದಾರೆ.

ಸರಸ ಟೈಪ್ ಮಾಡಿಸಲಿಲ್ಲ. ಎರಡು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೆಟ್ಟಿಲ ಕೆಳಗೆ ಕೂತು ನೂರ ತೊಂಬತ್ತೆಂಟು ಸಾಲುಗಳನ್ನೂ ಕೈಯಲ್ಲೇ ಬರೆದರು. ‘ಲ್ಯಾಬಿನದ್ದೇ ಐವತ್ನಾಲ್ಕ್ ಸಲ. ಇನ್ನೂರೈವತ್ತೈದ್, ಇನ್ನೂರೈವತ್ತೈದ್, ಇನ್ನೂರೈವತ್ತೈದ್, ನೂರತೊಂಬತ್ತೆರಡ್. ಕೈ ಬಿದ್ಹೋಯ್ತ್’ ಎಂದು ಬೆರಳು ಚಾಚಿ ಮಡಚಿ ತೋರಿಸುತ್ತಾರೆ. ಆಮೇಲೆ ಆ ಕಟ್ಟನ್ನು ಎರಡೂ ಕೈಯಿಂದ ನಮ್ಮೆದುರಿಗೆ ಸರಿಸುತ್ತಾರೆ.

‘ಒಂದೂ ತಪ್ಪಿಲ್ಲೆ. ಬೇಕಾದ್ರೆ ನೀವೇ ಎಣಿಸಿ ಕಾಣಿ.’